ಶ್ರಾವಕನ ಕಿವಿ: ಜೈನ ಪರಂಪರೆಯಲ್ಲಿ ಸಂಗೀತಶ್ರವಣ

ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದಲ್ಲಿ ಗರ್ಭಾವತರಣ, ಜನ್ಮಾಭಿಷೇಕಗಳ ಸಡಗರ ಮುಗಿದು ಪರಿನಿಷ್ಕ್ರಮಣ ಕಲ್ಯಾಣದ ದಿನ ಬಂದಾಗ, ಆದಿತೀರ್ಥಂಕರರ ರಾಜಸಭೆಯನ್ನು ವೇದಿಕೆಯ ಮೇಲೆ ರಚಿಸಿ ನೀಲಾಂಜನೆಯ ನೃತ್ಯವನ್ನು ಆಡಿಸುವುದು ರೂಢಿಯಾಗಿದೆ. ಊರಿನ ಬಾಲೆಯೊಬ್ಬಳು ಗೆಜ್ಜೆ ಕಟ್ಟಿಕೊಂಡು ಬರುತ್ತಾಳೆ, ಹಿಮ್ಮೇಳದವರು ಹಾಡುತ್ತಾರೆ, ಕುಣಿಯುತ್ತಿದ್ದವಳು ಕಣ್ಣೆವೆ ಮುಚ್ಚುವಷ್ಟರಲ್ಲಿ ಮರೆಯಾಗಿ ಅವಳ ಎಡೆಯಲ್ಲಿ ಇನ್ನೊಬ್ಬಳು ನಿಲ್ಲುತ್ತಾಳೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯ ಶ್ರಾವಕ ಶ್ರಾವಿಕೆಯರಿಗೆ ಈ ಪ್ರಸಂಗವು ಅಪರಿಚಿತವೇನಲ್ಲ. ಆದರೂ ಸಭೆಯ ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು ಪ್ರತಿ ಸಲವೂ ಒಂದು ಪ್ರಶ್ನೆಯನ್ನು ಕೇಳುವುದುಂಟು: ಕುಣಿಯುವವಳೇ ಹೋದಮೇಲೂ ಹಾಡು ಏಕೆ ನಿಲ್ಲಲಿಲ್ಲ? ಹಿರಿಯರು ಸಾಮಾನ್ಯವಾಗಿ ಇದಕ್ಕೆ ಉತ್ತರ ಹೇಳದೆ ಮಕ್ಕಳನ್ನು ಸುಮ್ಮನಿರಿಸುತ್ತಾರೆ. ಆದರೆ ಜೈನಧರ್ಮವು ಸಂಗೀತವನ್ನು ಕುರಿತು ಸಾವಿರಾರು ವರ್ಷ ಚಿಂತಿಸಿದುದೆಲ್ಲವೂ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಕ್ರಿ. ಶ. 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನು, ತನಗೆ ಆಕರವಾದ ಜಿನಸೇನಾಚಾರ್ಯರ ಸಂಸ್ಕೃತ ಮಹಾಪುರಾಣವನ್ನು ಅನುಸರಿಸಿ ಈ ಸನ್ನಿವೇಶವನ್ನು ನಿರೂಪಿಸಿದ್ದಾನೆ. ಆದಿದೇವನು ರಾಜ್ಯಭೋಗದಲ್ಲಿ ಮುಳುಗಿರುವುದನ್ನು ಕಂಡ ದೇವೇಂದ್ರನು, ಪರಿನಿಷ್ಕ್ರಮಣದ ಕಾಲ ಸಮೀಪಿಸಿತೆಂದು ತಿಳಿದು, ಆಯುಷ್ಯವು ಇನ್ನೇನು ಮುಗಿಯಲಿರುವ ನೀಲಾಂಜನೆಯೆಂಬ ದೇವನರ್ತಕಿಯನ್ನು ಸಭೆಗೆ ಕರೆತರುತ್ತಾನೆ. ನೃತ್ಯದ ನಡುವೆಯೇ ಅವಳು ಮಿಂಚಿನಂತೆ ಅಡಗಿಹೋಗುತ್ತಾಳೆ. ರಸಭಂಗವಾಗಬಾರದೆಂದು ಇಂದ್ರನು ಅದೇ ಕ್ಷಣದಲ್ಲಿ ಅವಳಂತೆಯೇ ಇರುವ ಮತ್ತೊಬ್ಬಳನ್ನು ಸೃಷ್ಟಿಸುತ್ತಾನೆ. ಲಯ ತಪ್ಪಲಿಲ್ಲ, ಗೀತ ಕಡಿಯಲಿಲ್ಲ, ಸಭೆಗೆ ಏನೂ ತಿಳಿಯಲಿಲ್ಲ. ತಿಳಿದುದು ಆದಿದೇವನೊಬ್ಬನಿಗೆ. ಆ ಕ್ಷಣವೇ ಅವನ ವೈರಾಗ್ಯದ ಆರಂಭವಾಯಿತು.

ಈ ಕಥೆಯನ್ನು ಕಲೆಯ ನಿಂದೆಯೆಂದು ಓದುವವರಿದ್ದಾರೆ. ಹಾಗೆ ಓದುವುದು ಅವಸರದ ತೀರ್ಮಾನವಾದೀತು. ಏಕೆಂದರೆ ಅದೇ ಪುರಾಣದಲ್ಲಿ ಆದಿದೇವನು ಕಲೆಗಳ ಮೊದಲ ಆಚಾರ್ಯನೂ ಹೌದು. ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದ ತಂದೆಯು, ಮಗನಾದ ವೃಷಭಸೇನನಿಗೆ ಗಾಂಧರ್ವಶಾಸ್ತ್ರವನ್ನು, ಎಂದರೆ ಸಂಗೀತವನ್ನು, ಉಪದೇಶಿಸಿದನೆಂದು ಜಿನಸೇನರು ಹೇಳುತ್ತಾರೆ. ಲೋಕಕ್ಕೆ ಸಂಗೀತವನ್ನು ಕಲಿಸಿದವನೇ ಸಂಗೀತಸಭೆಯಿಂದ ಎದ್ದುಹೋದನು. ಆತ ಎದ್ದುದು ಬೇಸರದಿಂದಲ್ಲ. ಸಭೆಯಲ್ಲಿ ಮಿಕ್ಕೆಲ್ಲರಿಗಿಂತ ಚೆನ್ನಾಗಿ ನೋಡಿದವನು, ಕೇಳಿದವನು ಅವನೇ ಆಗಿದ್ದನು. ಅಖಂಡವೆಂದು ಎಲ್ಲರೂ ಸವಿಯುತ್ತಿದ್ದ ಲಯದ ನಡುವೆ ಒಂದು ಬಿರುಕನ್ನು ಗುರುತಿಸುವಷ್ಟು ಎಚ್ಚರ ಅವನಲ್ಲಿತ್ತು. ಈ ನೃತ್ಯಪ್ರಸಂಗವು ಜೈನರ ಮನಸ್ಸಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಮಥುರೆಯ ಕಂಕಾಳಿ ದಿಬ್ಬದಲ್ಲಿ ದೊರೆತು ಈಗ ಲಖನೌ ವಸ್ತುಸಂಗ್ರಹಾಲಯದಲ್ಲಿರುವ, ಎರಡು ಸಾವಿರ ವರ್ಷಗಳಷ್ಟು ಪ್ರಾಚೀನವಾದ ಶಿಲಾಫಲಕವೇ ಸಾಕ್ಷಿ. ನೀಲಾಂಜನೆಯ ನೃತ್ಯವನ್ನು ವಿದ್ವಾಂಸರು ಅದರಲ್ಲಿ ಗುರುತಿಸಿದ್ದಾರೆ.

ಜೈನ ಗೃಹಸ್ಥನಿಗೆ ನಮ್ಮ ಆಚಾರ್ಯರು ಇಟ್ಟ ಹೆಸರನ್ನು ಇಲ್ಲಿ ನೆನೆಯಬೇಕು. ಶ್ರಾವಕ ಎಂದರೆ ಕೇಳುವವನು. ಪೂಜಿಸುವವನು, ದಾನಮಾಡುವವನು, ಉಪವಾಸವಿರುವವನು ಎಂಬ ಹೆಸರುಗಳೂ ಸಲ್ಲುತ್ತಿದ್ದವು. ಆದರೆ ಶಾಸ್ತ್ರಕಾರರು ಆರಿಸಿದುದು ಕಿವಿಯ ಕೆಲಸವನ್ನು. (ನೆರೆಯ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಹೆಸರಿನಲ್ಲಿಯೂ ಕೇಳುವಿಕೆಯೇ ಇದೆಯೆಂದು ಅನೇಕ ಯಾತ್ರಿಕರು ಭಾವಿಸುತ್ತಾರೆ. ಅಲ್ಲಿಯ ಶ್ರವಣ ಶಬ್ದವು ಶ್ರಮಣ ಎಂಬುದರಿಂದ ಬಂದುದೆಂಬುದು ವಿದ್ವಾಂಸರ ಮತ. ಆದರೂ ಯಾತ್ರಿಕರ ತಪ್ಪು ಅರ್ಥವಿಲ್ಲದ ತಪ್ಪಲ್ಲ.) ಅರ್ಹಂತರ ಅಷ್ಟ ಮಹಾಪ್ರಾತಿಹಾರ್ಯಗಳಲ್ಲಿ ಅಶೋಕವೃಕ್ಷ, ಸಿಂಹಾಸನ, ಛತ್ರ, ಚಾಮರ, ಭಾಮಂಡಲ, ಪುಷ್ಪವೃಷ್ಟಿಗಳು ಕಣ್ಣಿಗೆ ಕಾಣುವಂಥವು. ಉಳಿದ ಎರಡು, ಎಂದರೆ ದೇವದುಂದುಭಿ ಮತ್ತು ದಿವ್ಯಧ್ವನಿಗಳು, ಕಿವಿಗೆ ಮೀಸಲಾದವು. ದಿಗಂಬರ ಸಂಪ್ರದಾಯದಂತೆ ದಿವ್ಯಧ್ವನಿಯು ಅಕ್ಷರರೂಪದ ಮಾತಲ್ಲ. ತುಟಿ ನಾಲಗೆಗಳು ಅಲುಗದೆ ಜಿನದೇಹದಿಂದ ಹೊಮ್ಮುವ ನಾದ. ಸಮವಸರಣದ ಹನ್ನೆರಡು ಕೋಷ್ಠಗಳಲ್ಲಿ ಕುಳಿತ ದೇವರು, ಮನುಷ್ಯರು, ಮೃಗಪಕ್ಷಿಗಳು ತಮ್ಮ ತಮ್ಮ ಭಾಷೆಯಲ್ಲಿ ಅದನ್ನು ತಿಳಿದುಕೊಳ್ಳುತ್ತಾರೆ. ಮಾತಿಲ್ಲದ ನಾದವು ಅರ್ಥವಾಗಿ ಎದೆಗೆ ಇಳಿಯುವುದೆಂಬ ಈ ಕಲ್ಪನೆಯು, ರಾಗವೊಂದನ್ನು ಸಾಹಿತ್ಯವಿಲ್ಲದೆ ಕೇಳಿ ಕಣ್ಣೀರು ತುಂಬಿಕೊಂಡವರಿಗೆ ಅಪರಿಚಿತವಾಗಿ ತೋರದು.

ಇದರ ಇನ್ನೊಂದು ಮುಖವನ್ನೂ ಆಚಾರ್ಯರು ಮರೆಸಲಿಲ್ಲ. ಪಂಚೇಂದ್ರಿಯಗಳನ್ನು ಕುರಿತ ಪ್ರವಚನಗಳಲ್ಲಿ ಆನೆಯು ಸ್ಪರ್ಶದಿಂದ, ಮೀನು ರುಚಿಯಿಂದ, ದುಂಬಿ ಗಂಧದಿಂದ, ಪತಂಗ ರೂಪದಿಂದ ಕೆಡುವುದನ್ನು ಹೇಳಿ, ಕೊನೆಗೆ ಬೇಟೆಗಾರನ ಹಾಡಿಗೆ ಮನಸೋತು ನಿಂತಲ್ಲಿಯೇ ನಿಂತು ಬಲೆಗೆ ಬೀಳುವ ಜಿಂಕೆಯನ್ನು ಉದಾಹರಿಸುವುದು ಪ್ರಸಿದ್ಧವಾಗಿದೆ. ಗೀತಕ್ಕೆ ಕರಗುವ ಜೀವವನ್ನು ಕ್ರೂರಿಯು ಅದೇ ಗೀತದಿಂದ ಹಿಡಿಯಬಲ್ಲನು. ಸಂಗೀತದ ಶಕ್ತಿಯನ್ನು ಲಘುವಾಗಿ ಎಣಿಸಿದವರು ಹೇಳುವ ಮಾತು ಇದಲ್ಲ. ಅದರ ಬಲವನ್ನು ಬಲ್ಲವರ ಎಚ್ಚರಿಕೆ.

ಈ ಎಚ್ಚರಿಕೆಯನ್ನು ಕನ್ನಡದಲ್ಲಿ ಎಲ್ಲರಿಗಿಂತ ಆಳವಾಗಿ ಶೋಧಿಸಿದವನು ಕವಿಚಕ್ರವರ್ತಿ ಜನ್ನ. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಆತನು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯು ಜೀವದಯೆಯ ಕಾವ್ಯವೆಂದು ಪ್ರಸಿದ್ಧ. ಕಥೆ ಹಳೆಯದು, 959ರಲ್ಲಿ ಸೋಮದೇವ ಸೂರಿಗಳು ಅದನ್ನು ಯಶಸ್ತಿಲಕವೆಂಬ ಸಂಸ್ಕೃತ ಚಂಪುವಾಗಿ ಬರೆದಿದ್ದರು. ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬ ತತ್ತ್ವಕ್ಕಾಗಿ ಈ ಕಥೆಯನ್ನು ಬಸದಿಗಳಲ್ಲಿ ಓದಿ ಹೇಳುವುದುಂಟು. ಆದರೆ ಮೊದಲಿನಿಂದ ಕೊನೆಯವರೆಗೆ ಇದು ಕಿವಿಯ ಕಥೆಯೆಂಬುದನ್ನು ಗಮನಿಸಿದವರು ವಿರಳ.

ರಾತ್ರಿಯ ಹೊತ್ತು ಅರಮನೆಯಲ್ಲಿ ಪತಿಯ ಪಕ್ಕದಲ್ಲಿ ಮಲಗಿದ್ದ ಅಮೃತಮತಿಗೆ ಎಲ್ಲಿಂದಲೋ ಒಂದು ಹಾಡು ಕೇಳಿಬರುತ್ತದೆ. ಹಾಡುವವನನ್ನು ಅವಳು ಕಂಡಿಲ್ಲ. ಅವನು ಗಜಶಾಲೆಯ ಮಾವುತ ಅಷ್ಟಾವಂಕ. ಮರುದಿನ ನೋಡಿಬರಲು ಹೋದ ಸಖಿಯು ಅವನ ವಿಕಾರರೂಪವನ್ನು ಕಂಡು ಹೇಸಿ ಹಿಂದಿರುಗಿ ಒಡತಿಗೆ ಎಲ್ಲವನ್ನೂ ಅರುಹುತ್ತಾಳೆ. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು. ಅಮೃತಮತಿಯ ಮನಸ್ಸು ಕಿವಿಯ ದಾರಿಯಿಂದ ಹೊರಟುಹೋಗಿತ್ತು. ರೂಪವಂತನಾದ ಅರಸನನ್ನು ಬಿಟ್ಟು, ತಡವಾಗಿ ಬಂದಳೆಂದು ಹೊಡೆಯುವ ಕುರೂಪಿಯ ಕಾಲಿಗೆ ಬೀಳುವಷ್ಟು ಅವಳು ಸೋತಿದ್ದಳು. ಇದನ್ನು ಬರೆದ ಜನ್ನನು ಆ ಹಾಡನ್ನು ಕೆಟ್ಟ ಹಾಡೆಂದು ಎಲ್ಲಿಯೂ ಹೇಳುವುದಿಲ್ಲ. ಅದು ನಿಜವಾಗಿಯೂ ಇಂಪಾಗಿತ್ತು. ಕಾವ್ಯದ ಭಯಂಕರತೆ ಇರುವುದೇ ಅಲ್ಲಿ. ಇಂಪಾದ ಕಂಠದ ಹಿಂದೆ ಇಂಪಾದ ಮನಸ್ಸು ಇದ್ದೇ ತೀರಬೇಕೆಂದು ನಂಬುವ ಕೇಳುಗನಿಗೆ ಜನ್ನನು ಕೊಟ್ಟ ಪೆಟ್ಟು ಇದು.

ಅಮೃತಮತಿಯನ್ನು ಜರೆಯುವುದರಲ್ಲಿ ನಮ್ಮ ಓದುಗರು ಎಂದೂ ಹಿಂದೆ ಬಿದ್ದವರಲ್ಲ. ಯಶೋಧರನ ಕಿವಿಯನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ಕಂಡುದನ್ನು ಕಂಡಂತೆ ಹೇಳಲಾರದೆ ಅರಸನು ತಾಯಿಗೆ ಕೆಟ್ಟ ಕನಸೊಂದನ್ನು ಹೆಣೆದು ಹೇಳುತ್ತಾನೆ. ಅದರ ಶಾಂತಿಗಾಗಿ ಬಲಿ ಕೊಡಬೇಕೆಂಬ ತಾಯಿ ಚಂದ್ರಮತಿಯ ಮಾತಿಗೆ ಮೊದಲು ಒಪ್ಪದೆ, ಕಡೆಗೆ ಹಿಟ್ಟಿನ ಕೋಳಿಯಾದರೆ ಆಗಲೆಂದು ಸಮ್ಮತಿಸುತ್ತಾನೆ. ಕತ್ತಿಯ ಏಟು ಬಿದ್ದಾಗ ಹಿಟ್ಟಿನ ಕೋಳಿಯು ಕೂಗಿತು. ಕಥೆಯಲ್ಲಿ ಇದು ಎರಡನೆಯ ಧ್ವನಿ. ಮೊದಲನೆಯ ಧ್ವನಿಗೆ ರಾಣಿಯು ಮರುಳಾದಳು. ಎರಡನೆಯ ಧ್ವನಿಯನ್ನು ಕೇಳಿದ ಮೇಲೆ ಅರಸನಿಗೆ ತಾನು ಮಾಡಿದುದು ಏನೆಂದು ತಿಳಿಯಿತು. ಮುಂದೆ ರಾಣಿಯ ವಿಷಪ್ರಯೋಗದಿಂದ ತಾಯಿ ಮಕ್ಕಳಿಬ್ಬರೂ ಸತ್ತು ನವಿಲು, ನಾಯಿ, ಮೀನು, ಆಡು ಮುಂತಾದ ಜನ್ಮಗಳಲ್ಲಿ ತೊಳಲುತ್ತಾರೆ.

ಮೂರನೆಯ ಧ್ವನಿ ಕೊನೆಯಲ್ಲಿದೆ. ಕೋಳಿಗಳಾಗಿ ಹುಟ್ಟಿದ ಆ ಜೀವಗಳೆರಡೂ ಒಮ್ಮೆ ಉದ್ಯಾನದಲ್ಲಿ ಮುನಿಗಳು ಚಂಡಕರ್ಮನಿಗೆ ಧರ್ಮವನ್ನು ಹೇಳುತ್ತಿರುವುದನ್ನು ಪಂಜರದೊಳಗಿನಿಂದ ಕೇಳಿಸಿಕೊಳ್ಳುತ್ತವೆ. ಹಿಂದಿನ ಭವಗಳ ನೆನಪು ಬಂದು ಹರ್ಷದಿಂದ ಕೂಗುತ್ತವೆ. ಹತ್ತಿರದಲ್ಲಿ ರಾಣಿಯೊಡನೆ ವಿಹರಿಸುತ್ತಿದ್ದ ಯಶೋಮತಿಯು ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಯಲೆಂದು ಆ ದನಿಗೆ ಗುರಿಯಿಟ್ಟು ಬಾಣ ಬಿಡುತ್ತಾನೆ. ಕೊಂದವನು ಯಶೋಧರನ ಮಗನೇ. ಅವನ ಕಿವಿಯೂ ಚುರುಕಾದುದೇ; ದನಿ ಎಲ್ಲಿಂದ ಬಂದಿತೆಂದು ಕರಾರುವಾಕ್ಕಾಗಿ ತಿಳಿಯಬಲ್ಲದು, ದನಿಯಲ್ಲಿ ಏನಿದೆಯೆಂದು ಮಾತ್ರ ತಿಳಿಯಲಾರದು. ಕೋಳಿಗಳು ಸತ್ತು ಅವನದೇ ರಾಣಿ ಕುಸುಮಾವಳಿಯ ಗರ್ಭದಲ್ಲಿ ಅಭಯರುಚಿ, ಅಭಯಮತಿಯರಾಗಿ ಹುಟ್ಟುತ್ತವೆ. ಈ ಸಮಸ್ತ ವೃತ್ತಾಂತವನ್ನೂ ಅಭಯರುಚಿಯು ಮಾರಿಗೆ ಬಲಿಯಾಗಲು ನಿಂತ ಸ್ಥಳದಲ್ಲಿ ಮಾರಿದತ್ತನಿಗೆ ಹೇಳುತ್ತಾನೆ, ಮಾರಿದತ್ತನು ಕೇಳುತ್ತಾನೆ, ಎತ್ತಿದ ಕತ್ತಿ ಕೆಳಗಿಳಿಯುತ್ತದೆ. ಒಂದೇ ಕಾವ್ಯದಲ್ಲಿ ಕೆಡಿಸಿದುದೂ ಕಿವಿ, ಉಳಿಸಿದುದೂ ಕಿವಿ.

ಸಂಗೀತವನ್ನು ಅರಿತು ಕೇಳುವ ಶಿಕ್ಷಣಕ್ಕೆ ಜೈನ ಕಥಾಸಾಹಿತ್ಯದಲ್ಲಿ ಹಿರಿಯ ಸ್ಥಾನವಿದೆ. ಪ್ರಾಕೃತದ ವಸುದೇವಹಿಂಡಿಯಲ್ಲಿ, ವೀಣಾಸ್ಪರ್ಧೆಯಲ್ಲಿ ಗೆದ್ದವನನ್ನೇ ವರಿಸುವೆನೆಂದ ಗಂಧರ್ವದತ್ತೆಯ ಸಭೆಗೆ ವಸುದೇವನು ಬಂದಾಗ, ತನ್ನ ಕೈಗೆ ಕೊಟ್ಟ ವೀಣೆಗಳನ್ನು ಒಂದೊಂದಾಗಿ ಪರೀಕ್ಷಿಸಿ ತಳ್ಳಿಹಾಕುತ್ತಾನೆ. ಒಂದರ ತಂತಿಯಲ್ಲಿ ಕೂದಲು ಸೇರಿದೆ, ಒಂದರ ಮರ ಕಾಡುಗಿಚ್ಚಿಗೆ ಸಿಕ್ಕಿದ್ದು, ಮತ್ತೊಂದರ ಮರ ನೀರಿನಲ್ಲಿ ನೆನೆದದ್ದು. ನಾದ ಕೆಡಲು ಕಾರಣವಾದ ಮರದ ಚರಿತ್ರೆಯನ್ನೇ ಅವನು ಕಿವಿಯಿಂದ ಓದಿದನು. ತೋಟದ ಬದುವಿನಲ್ಲಿ ಹಲಸಿನ ಮರವಿರುವ ಈ ಸೀಮೆಯವರಿಗೆ, ವೀಣೆಯ ಕೊಡವನ್ನು ಹಲಸಿನಿಂದ ಕಡೆಯುತ್ತಾರೆಂಬುದನ್ನು ಬಲ್ಲವರಿಗೆ, ಈ ಪ್ರಸಂಗ ವಿಶೇಷವಾಗಿ ರುಚಿಸೀತು. ಜೀವಂಧರನು ಇನ್ನೊಬ್ಬ ಗಂಧರ್ವದತ್ತೆಯನ್ನು ವೀಣೆಯಿಂದಲೇ ಗೆದ್ದ ಕಥೆಯು 1424ರಲ್ಲಿ ಭಾಸ್ಕರ ಕವಿಯ ಷಟ್ಪದಿಯಲ್ಲಿ ಕನ್ನಡಕ್ಕೂ ಬಂದಿತು.

ಕಥೆಯಿಂದ ಚರಿತ್ರೆಗೆ ಬಂದರೆ, ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿ ಎದುರು ನಿಲ್ಲುತ್ತಾಳೆ. ಜಿನಭಕ್ತೆಯಾದ ಆಕೆಯನ್ನು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆಯೆಂದು ಶಾಸನಗಳು ಕೊಂಡಾಡಿವೆ. ಶ್ರವಣಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಎತ್ತಿಸಿದವಳೂ ಆಕೆಯೇ. ಗೆಜ್ಜೆಗೂ ಗರ್ಭಗೃಹಕ್ಕೂ ವಿರೋಧವಿದೆಯೆಂದು ಆಕೆಗೆ ತೋರಲಿಲ್ಲ. 1131ರಲ್ಲಿ ಶಿವಗಂಗೆಯಲ್ಲಿ ಆಕೆ ದೇಹತ್ಯಾಗ ಮಾಡಿದ ಮೇಲೆ ತಾಯಿ ಮಾಚಿಕಬ್ಬೆಯು ಬೆಳಗೊಳದಲ್ಲಿ ಸಲ್ಲೇಖನವನ್ನು ಕೈಗೊಂಡಳು.

ಸಂಗೀತಶಾಸ್ತ್ರಕ್ಕೂ ಜೈನರ ಕಾಣಿಕೆ ಸಣ್ಣದಲ್ಲ. ಸಂಗೀತಸಮಯಸಾರವೆಂಬ ಸಂಸ್ಕೃತ ಗ್ರಂಥವನ್ನು ಬರೆದ ಪಾರ್ಶ್ವದೇವನು ದಿಗಂಬರ ಜೈನನು. ಸುಮಾರು ಹದಿಮೂರನೆಯ ಶತಮಾನದವನು. ದೇಶೀ ಸಂಗೀತದ ಪರಿಭಾಷೆಯನ್ನು ವಿವರವಾಗಿ ದಾಖಲಿಸಿದ ಈ ಕೃತಿಯಲ್ಲಿ ಕನ್ನಡ ನಾಡಿನ ಮಾತಿನ ವಾಸನೆ ಅಲ್ಲಲ್ಲಿ ಹಾಯುತ್ತದೆ. 1925ರಲ್ಲಿ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಅಚ್ಚಾಗುವವರೆಗೆ ಅದು ಓಲೆಗಳಲ್ಲಿ ಮಲಗಿತ್ತು. ಸಂಗೀತಾಕರ, ಶ್ರುತಿಜ್ಞಾನಚಕ್ರವರ್ತಿ ಎಂಬುವು ಆತನ ಬಿರುದುಗಳು. ಶ್ರುತಿ ಎಂದರೆ ಸ್ವರದ ಸೂಕ್ಷ್ಮ ಭೇದವೂ ಹೌದು, ಕೇಳಿ ತಿಳಿದ ಶಾಸ್ತ್ರವೂ ಹೌದು. ಆ ಎರಡು ಅರ್ಥಗಳನ್ನು ಒಂದೇ ಬಿರುದಿನಲ್ಲಿ ಹೊತ್ತವನಿಗೆ ಗಾಯನಸಭೆಗೂ ಶಾಸ್ತ್ರಸಭೆಗೂ ಬೇರೆ ಬೇರೆ ಕಿವಿ ಬೇಕಾಗಿರಲಾರದು.

ಮೂಡುಬಿದಿರೆಯ ರತ್ನಾಕರವರ್ಣಿಯಲ್ಲಿ ಈ ವಿಚಾರವು ಹೊಸ ತಿರುವನ್ನು ಪಡೆಯಿತು. 1557ರ ಸುಮಾರಿಗೆ ರಚಿತವಾದ ಭರತೇಶ ವೈಭವವು ಸುಮಾರು ಹತ್ತು ಸಾವಿರ ಪದ್ಯಗಳ ಕಾವ್ಯ. ಅದನ್ನು ಸಾಂಗತ್ಯದಲ್ಲಿ, ಎಂದರೆ ಹಾಡಲೆಂದೇ ಹುಟ್ಟಿದ ಛಂದಸ್ಸಿನಲ್ಲಿ, ಕವಿಯು ಬರೆದನು. ಓದು ಬಾರದ ಹೆಂಗಸರೂ ಕೇಳಿ ಕಲಿತು ಹಾಡಬಲ್ಲ ಧಾಟಿ ಅದು. ಕಾವ್ಯದ ಆರಂಭದಲ್ಲಿಯೇ ಭರತೇಶನ ಆಸ್ಥಾನದಲ್ಲಿ ಗಾಯಕರು ಹಾಡುತ್ತಾರೆ, ಚಕ್ರವರ್ತಿಯು ತಲೆದೂಗುತ್ತಾನೆ. ಜಿಂಕೆಯಂತೆ ಅವನು ಸಿಕ್ಕಿಬೀಳುವುದಿಲ್ಲ. ನೀಲಾಂಜನೆಯ ಸಭೆಯಲ್ಲಿ ತಂದೆ ಎದ್ದುಹೋದಂತೆ ಎದ್ದೂ ಹೋಗುವುದಿಲ್ಲ. ಭೋಗದ ನಡುವೆ ಆತ್ಮಚಿಂತನೆಯನ್ನು ಬಿಡದೆ ಕೇಳುತ್ತ ಕೂಡುತ್ತಾನೆ. ಇದು ಸಾಧ್ಯವೇ ಎಂಬ ಶಂಕೆ ಹಲವರಿಗಿದೆ. ಭರತನಂಥ ಪುಣ್ಯಪುರುಷನಿಗೆ ಸಾಧ್ಯವಾದುದು ಸಾಮಾನ್ಯನಿಗೆ ನೆಪವಾಗಿ ಒದಗಬಹುದೆಂಬ ಅಂಜಿಕೆಯೂ ನ್ಯಾಯವಾದುದೇ. ಆದರೆ ಗೃಹಸ್ಥನು ಹಾಡನ್ನು ಬಿಡಲಾರನು, ಬಿಡಬೇಕಾಗಿಯೂ ಇಲ್ಲ ಎಂದು ಇಷ್ಟು ಧೈರ್ಯವಾಗಿ ಹೇಳಿದ ಜೈನಕವಿ ಇನ್ನೊಬ್ಬನಿಲ್ಲ.

ಈ ಗ್ರಂಥಗಳ ಮಾತು ಹೀಗಾದರೆ, ಇವನ್ನು ಕೇಳಿದ ಜನರ ನಾಡು ಎಂಥದು? ತಿಪಟೂರಿನ ಸೀಮೆಯಲ್ಲಿ ಕಿವಿಯಿಲ್ಲದವನಿಗೆ ಬದುಕಿಲ್ಲ. ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಗಳನ್ನು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇಟ್ಟು, ಕಾಲ ಬಂದಾಗ ಒಂದೊಂದನ್ನೇ ಕಿವಿಯ ಬಳಿ ಹಿಡಿದು ಅಲುಗಿಸುತ್ತಾರೆ. ಒಳಗೆ ನೀರು ಕುಲುಕಿದರೆ ಇನ್ನೂ ಹಸಿ. ನೀರು ಇಂಗಿ, ಚಿಪ್ಪನ್ನು ಬಿಟ್ಟ ಕೊಬ್ಬರಿ ಗುಡುಗುಡು ಎಂದು ಉರುಳಿದರೆ ಪಕ್ವ. ಒಡೆದು ನೋಡುವಂತಿಲ್ಲ, ಒಡೆದರೆ ಕಾಯಿ ಕೆಟ್ಟಿತು. ತೆಂಗಿನ ಬೆಳೆಗಾರನು ತಲೆಮಾರುಗಳಿಂದ ಕಣ್ಣಿಗೆ ಕಾಣದ ತಿರುಳನ್ನು ಸದ್ದಿನಿಂದ ತಿಳಿಯುತ್ತ ಬಂದಿದ್ದಾನೆ.

ಈ ನಾಡಿನ ಕಲ್ಲುಗಳೂ ನಾದವನ್ನು ಬಲ್ಲವು. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿರುವ ಒಂಬತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯದ ಭುವನೇಶ್ವರಿಯಲ್ಲಿ ನರ್ತಿಸುವ ಶಿವನೂ ವಾದ್ಯ ನುಡಿಸುವವರೂ ಇದ್ದಾರೆ. ಸುತ್ತ ಅಷ್ಟದಿಕ್ಪಾಲಕರು ಸಭೆ ನೆರೆದಂತೆ ನಿಂತಿದ್ದಾರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿದೆ. ನೆರೆಯ ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿ ಶಾಂತೀಶ್ವರ ಬಸದಿಯಿದೆ. ಈ ಬಸದಿಗಳ ನವರಂಗದಲ್ಲಿ ನಿಂತು ಪಂಚನಮಸ್ಕಾರವನ್ನು ಒಮ್ಮೆ ಉಚ್ಚರಿಸಿದರೆ, ಕಲ್ಲು ದನಿಯನ್ನು ಹಿಡಿದು ಹಿಂದಿರುಗಿಸುವ ರೀತಿಯಲ್ಲಿಯೇ ಶಿಲ್ಪಿಗಳ ಜಾಣ್ಮೆ ತಿಳಿಯುತ್ತದೆ.

ಬಯಲಿಗೆ ಬಂದರೆ ಮೂಡಲಪಾಯ. ತುಮಕೂರು ಸೀಮೆಯ ಈ ಯಕ್ಷಗಾನ ಪ್ರಕಾರಕ್ಕೆ ವಿದ್ವತ್ ಲೋಕದಲ್ಲಿ ಮನ್ನಣೆ ದೊರಕಿಸಿದವರಲ್ಲಿ ಜೀ. ಶಂ. ಪರಮಶಿವಯ್ಯನವರು ಪ್ರಮುಖರು. ಸುಗ್ಗಿ ಮುಗಿದ ಮೇಲೆ ಊರ ಬಯಲಿನಲ್ಲಿ ಚಪ್ಪರ ಹಾಕಿ ಇಡೀ ರಾತ್ರಿ ಆಡುವ ಆಟ ಇದು. ಭಾಗವತರ ಹಾಡು, ಮದ್ದಳೆ, ತಾಳಗಳ ಜೊತೆಗೆ ಇದರ ಹಿಮ್ಮೇಳಕ್ಕೇ ವಿಶಿಷ್ಟವಾದ ಮುಖವೀಣೆ. ಕರಾವಳಿಯ ಯಕ್ಷಗಾನದಲ್ಲಿ ಕೇಳದ ಈ ಪುಟ್ಟ ಊದುವಾದ್ಯದ ತೀಕ್ಷ್ಣ ಸ್ವರವು ತೋಟಗಳನ್ನು ದಾಟಿ ದೂರದ ಹಳ್ಳಿಯವರನ್ನೂ ಎಬ್ಬಿಸಿ ಕರೆತರುತ್ತಿತ್ತು. ಕರಿಭಂಟನ ಕಾಳಗದ ಕೊನೆ ಏನೆಂದು ನೆರೆದವರಿಗೆಲ್ಲ ಗೊತ್ತು. ಆದರೂ ಬೆಳಗಿನ ಜಾವದ ಪದಗಳಿಗೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಹತ್ತು ವರ್ಷದ ವಯಸ್ಸಿನಲ್ಲಿ ಕಂಬಳಿ ಹೊದ್ದು ಕೇಳಿದವರೇ ಎಪ್ಪತ್ತರಲ್ಲಿಯೂ ಅದೇ ಕಂಬಳಿ ಹೊದ್ದು ಅದೇ ಪದಕ್ಕೆ ಬಂದು ಕೂಡುತ್ತಿದ್ದರು. ಜೈನ ಮನೆಗಳವರೂ ಆ ಪ್ರೇಕ್ಷಕರಲ್ಲಿ ಸೇರಿದವರೇ. ಹಾಡಿಗೆ ಕುಲಮತಗಳ ಬೇಲಿಯಿರಲಿಲ್ಲ.

1880ರ ದಶಕದಲ್ಲಿ ಬೆಂಗಳೂರಿನಿಂದ ಹೊರಟ ರೈಲುದಾರಿಯು ತುಮಕೂರು, ಗುಬ್ಬಿ, ತಿಪಟೂರುಗಳನ್ನು ಪೋಣಿಸಿಕೊಂಡು ಹರಿಹರದತ್ತ ಸಾಗಿತು. ಅದೇ ದಶಕದಲ್ಲಿ, 1884ರಲ್ಲಿ, ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿತು. 1972ರಲ್ಲಿ ನಿಧನರಾದ ಗುಬ್ಬಿ ವೀರಣ್ಣನವರು ಅದನ್ನು ನಾಡಿಗೆಲ್ಲ ಪರಿಚಯಿಸಿದ ಮಹನೀಯರು. ಕಂಪನಿ ನಾಟಕದ ಮಟ್ಟುಗಳು ರಂಗದಿಂದ ಇಳಿದು ಗಾಡಿ ಹೊಡೆಯುವವರ ಬಾಯಿಗೂ ಭಜನೆಯ ಮನೆಗಳಿಗೂ ಬಂದವು. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಆಕಾಶವಾಣಿಯನ್ನು ಆರಂಭಿಸಿದ ಮೇಲೆ, ಒಂದು ಊರಿಗೆ ಒಂದೇ ರೇಡಿಯೋ ಇದ್ದ ಕಾಲದಲ್ಲಿ, ಅದರ ಮುಂದೆ ಜಗಲಿ ತುಂಬ ಜನ ಕೂಡುತ್ತಿದ್ದರು. ಇಂದು ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ಎಲ್ಲ ಸಂಗೀತವೂ ಸಿಗುತ್ತದೆ, ಜಗಲಿ ಬರಿದಾಗಿದೆ. ಬಸದಿಯ ಉತ್ಸವಗಳಲ್ಲಿ ಚಲನಚಿತ್ರದ ಮಟ್ಟಿಗೆ ಜಿನಭಕ್ತಿಗೀತೆಯನ್ನು ಹೊಂದಿಸಿ ಧ್ವನಿವರ್ಧಕದಲ್ಲಿ ಹಾಕುವುದನ್ನು ಹಿರಿಯರು ಆಕ್ಷೇಪಿಸುತ್ತಾರೆ. ಜನಕ್ಕೆ ಬಂದ ಧಾಟಿಯಲ್ಲಿಯೇ ಧರ್ಮವನ್ನು ಹೇಳಿದ ರತ್ನಾಕರನನ್ನು ನೆನೆದರೆ, ಮಟ್ಟು ಎಲ್ಲಿಂದ ಬಂದಿತೆಂಬ ಜಗಳ ಅಷ್ಟು ಮುಖ್ಯವಾಗಿ ತೋರುವುದಿಲ್ಲ. ಧ್ವನಿವರ್ಧಕದ ಅಬ್ಬರದಲ್ಲಿ ಯಾರೂ ಏನನ್ನೂ ಕೇಳದಿರುವುದು ನಿಜವಾದ ನಷ್ಟ.

ಜನ್ನನು ಎತ್ತಿದ ಪ್ರಶ್ನೆಯು ಎಂಟುನೂರು ವರ್ಷಗಳ ಬಳಿಕ ಮತ್ತೆ ಈ ಸೀಮೆಯ ಅಂಚಿನಿಂದಲೇ ಎದ್ದಿತೆಂಬುದು ಗಮನಾರ್ಹ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ 2025ರಲ್ಲಿ ಅಗಲಿದ ಎಸ್. ಎಲ್. ಭೈರಪ್ಪನವರು ಗೃಹಭಂಗದಲ್ಲಿ ಈ ಭಾಗದ ಬಾಳನ್ನು ಚಿತ್ರಿಸಿದವರು. ಸತ್ಯ ಮತ್ತು ಸೌಂದರ್ಯಗಳ ಸಂಬಂಧವನ್ನೇ ಸಂಶೋಧನೆಗೆ ಆರಿಸಿಕೊಂಡವರು. ಹಿಂದೂಸ್ತಾನಿ ಸಂಗೀತದ ಲೋಕವನ್ನು ಕುರಿತ ಅವರ ಮಂದ್ರ ಕಾದಂಬರಿ 2001ರಲ್ಲಿ ಪ್ರಕಟವಾಯಿತು. 2010ನೆಯ ಸಾಲಿನ ಸರಸ್ವತಿ ಸಮ್ಮಾನಕ್ಕೆ ಪಾತ್ರವಾಯಿತು. ಅದರ ಗಾಯಕ ಮೋಹನಲಾಲನ ಕಂಠ ದೈವಿಕ, ನಡತೆ ಅಸಹ್ಯ. ಕೇಳಿದವರು ಕರಗುತ್ತಾರೆ, ಹತ್ತಿರ ಬಂದವರು ಬೇಯುತ್ತಾರೆ. ಗಜಶಾಲೆಯ ಮಾವುತನನ್ನು ಬಲ್ಲ ಜೈನ ಓದುಗನಿಗೆ ಈ ಗಾಯಕ ಹೊಸಬನಲ್ಲ. ಹಾಡಿನ ಇಂಪು ಹಾಡುವವನನ್ನೇ ಶುದ್ಧಗೊಳಿಸದಿದ್ದರೆ ಕೇಳುವವನನ್ನು ಹೇಗೆ ಶುದ್ಧಗೊಳಿಸೀತು? ಇದಕ್ಕೆ ಜೈನಪರಂಪರೆಯ ಉತ್ತರ ಸ್ಪಷ್ಟವಾಗಿದೆ: ಶುದ್ಧಿಯ ಹೊಣೆಯನ್ನು ಹಾಡಿನ ಮೇಲೆ ಹೊರಿಸುವಂತಿಲ್ಲ. ಕರ್ಮದ ಕಟ್ಟು ಕೇಳುವವನ ಪರಿಣಾಮಕ್ಕೆ ಸೇರಿದುದು. ಒಂದೇ ಮುನಿವಾಣಿಯನ್ನು ಪಂಜರದ ಕೋಳಿಗಳು ಕೇಳಿ ತಮ್ಮ ಭವಗಳನ್ನು ಕಂಡವು. ಅವುಗಳ ಹರ್ಷದ ದನಿಯನ್ನು ಕೇಳಿದ ಅರಸನಿಗೆ ಗುರಿಯೊಂದು ಸಿಕ್ಕಿತು, ಅಷ್ಟೇ.

ಕಡೆಯ ಘಳಿಗೆಯ ಮಾತೂ ಇಲ್ಲಿ ಬರಬೇಕು. ಜೀವಂಧರನು ದಾರಿಯಲ್ಲಿ ಏಟು ತಿಂದು ಸಾಯುತ್ತಿದ್ದ ನಾಯಿಯೊಂದನ್ನು ಕಂಡು, ಅದನ್ನು ಉಳಿಸಲು ಸಾಧ್ಯವಿಲ್ಲವೆಂದು ತಿಳಿದು, ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಉಸುರಿದನು. ಆ ನಾಯಿ ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಜೀವಮಾನವಿಡೀ ಅವನಿಗೆ ನೆರವಾಯಿತು. ಉರಿಯುವ ಕೊರಡಿನೊಳಗೆ ಬೆಂದ ಸರ್ಪಗಳು ಕುಮಾರ ಪಾರ್ಶ್ವನಿಂದ ಕೇಳಿದುದೂ ಅದೇ ಮಂತ್ರ. ಅವೇ ಧರಣೇಂದ್ರ, ಪದ್ಮಾವತಿಯರಾದವೆಂದು ಪುರಾಣ. ಪ್ರಾಕೃತ ಭಾಷೆಯ ಅರ್ಥ ನಾಯಿಗೆ ತಿಳಿಯಿತೇ, ಹಾವಿಗೆ ತಿಳಿಯಿತೇ ಎಂದು ತರ್ಕಿಸುವವರಿಗೆ ಪುರಾಣಕಾರರು ಉತ್ತರ ಕೊಟ್ಟಿಲ್ಲ. ದಿವ್ಯಧ್ವನಿಯನ್ನು ಮೃಗಗಳು ತಿಳಿಯುವಂತೆ ತಿಳಿಯಿತೆಂದೇ ಅವರ ಭಾವ.

ಈ ಕಥೆಗಳ ಬಲದಿಂದಲೇ ನಮ್ಮ ಮನೆಗಳಲ್ಲಿ ಹಿರಿಯರು ಹಾಸಿಗೆ ಹಿಡಿದಾಗ ಸುತ್ತ ಕುಳಿತು ಪಂಚನಮಸ್ಕಾರವನ್ನೂ ಭಕ್ತಾಮರವನ್ನೂ ಹೇಳುವ ಪದ್ಧತಿ ಬೆಳೆದಿದೆ. ಮಾನತುಂಗಾಚಾರ್ಯರ ಆ ಸ್ತೋತ್ರದ 48 ಪದ್ಯಗಳನ್ನು ರಾಗವಾಗಿ ಹೇಳಲು ಬಾಲ್ಯದಲ್ಲಿ ಬಸದಿಯ ಹಜಾರದಲ್ಲಿ ಕಲಿತವರು, ಐವತ್ತು ಅರವತ್ತು ವರ್ಷಗಳ ಮೇಲೆ ತಾವು ಹೇಳಲಾರದೆ ಮಲಗಿರುವಾಗ ಅದೇ ರಾಗವನ್ನು ಮಕ್ಕಳ ಬಾಯಿಂದ ಕೇಳುತ್ತಾರೆ. ಕಣ್ಣು ಮುಚ್ಚಿದೆ, ಮಾತು ನಿಂತಿದೆ, ಕೈ ಹಿಡಿದರೆ ಹಿಡಿತವಿಲ್ಲ. ಹೇಳುವವರು ಒಂದು ಪದ್ಯದಲ್ಲಿ ಎಡವಿದಾಗ ಮಲಗಿದವರ ಹುಬ್ಬು ತುಸು ಅಲುಗಿದುದನ್ನು ಕಂಡವರಿದ್ದಾರೆ. ಆಗ ಹೇಳುವವರು ನಿಲ್ಲಿಸಿ, ತಪ್ಪಿದ ಚರಣಕ್ಕೆ ಹಿಂದಿರುಗಿ, ದನಿಯನ್ನು ಇನ್ನಷ್ಟು ತಗ್ಗಿಸಿ, ಮೊದಲಿನಿಂದ ಸರಿಯಾಗಿ ಹೇಳುತ್ತಾರೆ.